ಅಡಿಟಿಪ್ಪಣಿಯಿಲ್ಲದ ಸುರಂಗ

ಮಕ್ಕಳಿಗಾಗಿ ನಾನು ಬರೆದ ಸುರಂಗದ ಕತೆಯ ಹಸ್ತಪ್ರತಿ ಬೆಂಗಳೂರಿನ ಸಂಪಾದಕರಿಂದ ಹಿಂದಿರುಗಿ ಬಂದಾಗ ಅದರಲ್ಲಿ 23 ಪದಗಳ ಸುತ್ತ ಪೆನ್ಸಿಲಿನ ಗೆರೆ ಬಿದ್ದಿತ್ತು. ದಂಬೆ, ಪದವು, ಮುಟ್ಟಾಳೆ, ಮದಕ, ಪಿಕ್ಕಾಸು, ಕೋಲು ಮುಂತಾದ ಪ್ರತಿಯೊಂದು ಪದದ ಪಕ್ಕದಲ್ಲಿಯೂ ‘ಅಡಿಟಿಪ್ಪಣಿ ಬೇಕು’ ಎಂದು ಸಣ್ಣ ಅಕ್ಷರದಲ್ಲಿ ಬರೆದಿತ್ತು. ‘ಸುರಂಗ’ ಎಂಬ ಪದವನ್ನೂ ಅವರು ಬಿಟ್ಟಿರಲಿಲ್ಲ. ಅದರ ಪಕ್ಕದಲ್ಲಿ ‘ರೈಲಿನದೇ?’ ಎಂಬ ಪ್ರಶ್ನೆಯಿತ್ತು.

ಕಾಸರಗೋಡಿನ ಎಣ್ಮಕಜೆ, ಬಾಯಾರು, ಪೈವಳಿಕೆ ಕಡೆಯವರಿಗೆ ಸುರಂಗವೆಂದರೆ ಗುಡ್ಡದ ಮುರಕಲ್ಲನ್ನು ಅಡ್ಡಲಾಗಿ ಕೊರೆದು ನೀರು ತರುವ ದಾರಿ. ಒಬ್ಬ ಮನುಷ್ಯ ಪಿಕ್ಕಾಸು ಬೀಸುವುದಕ್ಕೆ ಬೇಕಾದಷ್ಟೇ ಅಗಲದಲ್ಲಿ, ಕೋಲಿನ ಲೆಕ್ಕದಲ್ಲಿ ಒಳಗೊಳಗೆ ತೋಡುತ್ತ ಹೋದರೆ ಎಲ್ಲಿಯೋ ಒಂದು ಕಡೆ ಕಲ್ಲು ಬೆವರತೊಡಗುತ್ತದೆ. ಅಲ್ಲಿಂದ ಮುಂದೆ ಪಂಪಿನ ಹಂಗೂ ಹಗ್ಗದ ಹಂಗೂ ಇಲ್ಲದೆ ನೀರು ಇಳಿಜಾರಿನಲ್ಲಿ ತಾನಾಗಿ ಹೊರಗೆ ಹರಿದು ಬರುತ್ತದೆ. ಗಡಿಯಾಚೆಯ ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂದ ಮೇಲೆ ಈ ವಿದ್ಯೆಯ ಹೆಸರನ್ನು ಹೊರಗಿನವರೂ ಕೇಳಿದ್ದಾರೆ. ಆದರೂ ಹೆಚ್ಚಿನ ಕನ್ನಡಿಗರಿಗೆ ಸುರಂಗವೆಂದರೆ ಮೊದಲು ನೆನಪಾಗುವುದು ರೈಲೇ ಇರಬೇಕು.

ಗೆರೆಗಳನ್ನು ಕಂಡು ನನಗೆ ಸಿಟ್ಟು ಬಂದದ್ದನ್ನು ಮುಚ್ಚಿಡಲಾರೆ. ಆದರೆ ಆ ಸಿಟ್ಟನ್ನು ಬಹಳ ಹೊತ್ತು ಉಳಿಸಿಕೊಳ್ಳುವ ಯೋಗ್ಯತೆಯೂ ನನಗಿರಲಿಲ್ಲ. ಏಕೆಂದರೆ ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಯಲ್ಲಿ 31 ವರ್ಷ ಪಾಠ ಹೇಳಿ, ಪ್ರತಿಯೊಂದು ಪಾಠದ ಕೊನೆಯಲ್ಲಿಯೂ ‘ಪದಗಳ ಅರ್ಥ’ ಎಂದು ಶೀರ್ಷಿಕೆ ಹಾಕಿಸಿ, ಅಡಿಗೆರೆ ಎಳೆಯಿಸಿ, ಮಕ್ಕಳಿಂದ ಬರೆಯಿಸಿದವಳು ನಾನು. ಅರ್ಥವಾಗದ ಪದದೆದುರು ಮಗು ನಿಜವಾಗಿಯೂ ನಿಲ್ಲುತ್ತದೆಯೇ ಎಂದು ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ. ಈಗ ಯೋಚಿಸಬೇಕಾಗಿ ಬಂದಾಗ, ನನಗೆ ಚೆನ್ನಾಗಿ ಗೊತ್ತಿದ್ದ ಮಗುವೆಂದರೆ 1970ರ ಆಚೀಚೆ ಪೆರ್ಲದ ಹತ್ತಿರದ ಮನೆಯೊಂದರ ಅಟ್ಟದಲ್ಲಿ ಕುಳಿತು ಓದುತ್ತಿದ್ದ ನಾನೇ. ಆ ಹುಡುಗಿಯನ್ನು ವಿಚಾರಿಸಬೇಕಾದರೆ ಅವಳು ಓದಿದ್ದನ್ನು ಮತ್ತೆ ಓದಬೇಕು. ಆ ವರ್ಷದ ಆಟಿ ತಿಂಗಳನ್ನೆಲ್ಲ ಅದಕ್ಕಾಗಿಯೇ ಇಟ್ಟೆ.

ಓದುವುದಕ್ಕೆ ಮೊದಲು ಒಂದು ನಿಯಮ ಮಾಡಿಕೊಂಡಿದ್ದೆ. ಒಂದು ನೋಟುಪುಸ್ತಕದ ಪುಟದಲ್ಲಿ ಎರಡು ಗೆರೆ ಎಳೆದು ‘ನೆನಪು’, ‘ಪುಟ’, ‘ವ್ಯತ್ಯಾಸ’ ಎಂದು ಮೂರು ಅಂಕಣ ಮಾಡಿ, ಪುಸ್ತಕವನ್ನು ತೆರೆಯುವ ಮೊದಲೇ ಅದರ ಬಗ್ಗೆ ನೆನಪಿರುವುದನ್ನೆಲ್ಲ ಮೊದಲನೆಯದರಲ್ಲಿ ಬರೆಯಬೇಕು. ಚಿತ್ರ, ವಾಸನೆ, ಓದಿದ ಜಾಗ, ಹೆದರಿಕೆ, ಏನಿದ್ದರೂ ಸರಿ. ಅನಂತರ ಓದಿ ಉಳಿದೆರಡನ್ನು ತುಂಬಬೇಕು. ಎರಡು ಪುಸ್ತಕಗಳ ವಿಷಯದಲ್ಲಿ ಆತುರಪಟ್ಟು ಮೊದಲು ಓದಿಬಿಟ್ಟೆ. ಆಮೇಲೆ ಎಷ್ಟು ಹೊತ್ತು ಕುಳಿತರೂ ಹಳೆಯ ನೆನಪು ಯಾವುದು, ನಿನ್ನೆ ಓದಿದ್ದು ಯಾವುದು ಎಂದು ಬೇರ್ಪಡಿಸಲು ಆಗಲಿಲ್ಲ. ಈ ಕೆಲಸವನ್ನು ಮಾಡಬಯಸುವವರು ಬೇರೆ ಯಾವ ಮಾತನ್ನು ಬಿಟ್ಟರೂ ಇದೊಂದನ್ನು ಬಿಡಬಾರದು.

ಪುಸ್ತಕಗಳು ಸಿಕ್ಕಿದ ಬಗೆಯನ್ನು ವಿವರಿಸುವ ಅಗತ್ಯವಿಲ್ಲ. ಒಂದಷ್ಟು ತವರಿನ ಅಟ್ಟದ ಪೆಟ್ಟಿಗೆಯಲ್ಲಿದ್ದವು, ಕೆಲವನ್ನು ಗೆದ್ದಲು ತಿಂದಿತ್ತು, ಉಳಿದವನ್ನು ಗೆಳತಿಯರಿಂದಲೂ ಮಂಗಳೂರಿನ ಹಳೆಯ ಪುಸ್ತಕದ ಅಂಗಡಿಗಳಿಂದಲೂ ತಂದೆ.

ನನ್ನ ಕಣ್ಣು ತೆರೆಯಿಸಿದ್ದು ಹೆಸರೇ ಇಲ್ಲದ ಒಂದು ಪುಸ್ತಕ. ನನ್ನ ಕೈಗೆ ಬಂದ ಕಾಲದಲ್ಲಿಯೇ ಅದಕ್ಕೆ ಹೊದಿಕೆಯಿರಲಿಲ್ಲ, ಮೊದಲ ಒಂದು ಫಾರಂ, ಎಂದರೆ 16 ಪುಟ, ಹೊಲಿಗೆ ಬಿಟ್ಟು ಹೋಗಿತ್ತು. ಹೀಗಾಗಿ ಕತೆ ನನ್ನ ಮಟ್ಟಿಗೆ 17ನೆಯ ಪುಟದಿಂದ, ಒಬ್ಬ ಹುಡುಗ ಹಡಗಿನ ಮೇಲಿರುವಲ್ಲಿಂದ ಪ್ರಾರಂಭವಾಗುತ್ತಿತ್ತು. ಅದರಲ್ಲಿ ಬರುವ ಬಿರುಗಾಳಿಯನ್ನು ನಾನು ಮರೆತಿರಲಿಲ್ಲ. ‘ನೆನಪು’ ಅಂಕಣದಲ್ಲಿ ಪುಟ ಮುಕ್ಕಾಲು ಬರೆದೆ: ಮುರಿಯುವ ಕಂಬ, ಕಂಬಕ್ಕೆ ಹಗ್ಗದಿಂದ ತನ್ನನ್ನು ಕಟ್ಟಿಕೊಂಡ ಹುಡುಗ, ಬಾಯಿಗೆ ಬಂದ ಉಪ್ಪುನೀರು, ಅಲೆಗೆ ಸಿಕ್ಕಿ ಜಾರಿಹೋಗುವ ನಾಯಿ, ಅದರ ಕತ್ತಿನ ಪಟ್ಟಿಯನ್ನು ಹಿಡಿದೆಳೆಯುವ ಕೈ. ಕಡಿಮೆಯೆಂದರೂ ಒಂದು ಇಡೀ ಅಧ್ಯಾಯವಿರಬೇಕೆಂದು ಭಾವಿಸಿದ್ದೆ.

ಪುಸ್ತಕ ತೆರೆದು ನೋಡಿದರೆ ಬಿರುಗಾಳಿ ಮೂರು ವಾಕ್ಯಗಳಲ್ಲಿ ಮುಗಿದಿತ್ತು. ರಾತ್ರಿ ಗಾಳಿ ಎದ್ದಿತು, ಕಂಬ ಮುರಿಯಿತು, ಬೆಳಗಾಗುವಾಗ ಹಡಗು ಇನ್ನೂ ತೇಲುತ್ತಿತ್ತು, ಅಷ್ಟೇ. ನಾಯಿಯಂತೂ ಇಡೀ ಪುಸ್ತಕದಲ್ಲಿಯೇ ಇಲ್ಲ. ಮತ್ತೊಮ್ಮೆ ಮೊದಲಿನಿಂದ ಹುಡುಕಿದೆ, ಇಲ್ಲ. ಆ ನಾಯಿ ನಮ್ಮ ಮನೆಯದು. ನಾನು ಅದನ್ನು ಓದಿದ ಮಳೆಗಾಲದಲ್ಲಿ ನಮ್ಮ ನಾಯಿ ತೋಡಿನ ನೆರೆಗೆ ಸಿಕ್ಕಿ ಎರಡು ದಿನ ಕಾಣೆಯಾಗಿ, ಮೂರನೆಯ ದಿನ ಕುಂಟುತ್ತ ಮರಳಿ ಬಂದಿತ್ತು. ಅದನ್ನು ಹಡಗು ಹತ್ತಿಸಿದವಳು ನಾನು.

ಅಂದು ಸಂಜೆ ನನ್ನ ಹಸ್ತಪ್ರತಿಯನ್ನು ತೆಗೆದು, ಹುಡುಗ ಮೊದಲ ಸಲ ಸುರಂಗದೊಳಗೆ ಕಾಲಿಡುವ ಭಾಗವನ್ನು ಓದಿದೆ. ಎರಡೂವರೆ ಪುಟವಿತ್ತು. ಕತ್ತಲೆಯೆಂಬ ಪದವೇ 14 ಸಲ ಬಂದಿತ್ತು, ಒಮ್ಮೆ ಮಸಿಯಂತೆ, ಒಮ್ಮೆ ಕಂಬಳಿಯಂತೆ, ಒಮ್ಮೆ (ನಾಚಿಕೆಯಿಂದ ಹೇಳುತ್ತಿದ್ದೇನೆ) ಅಮಾವಾಸ್ಯೆಯ ಹೊಟ್ಟೆಯಂತೆ. ಓದುವ ಮಗು ತನ್ನ ಮನೆಯ ಉಗ್ರಾಣದ ಕತ್ತಲೆಯನ್ನೋ, ಕರೆಂಟು ಹೋದ ರಾತ್ರಿಯನ್ನೋ ತಂದು ಇಡುವುದಕ್ಕೆ ನಾನು ಒಂದಿಷ್ಟೂ ಜಾಗ ಬಿಟ್ಟಿರಲಿಲ್ಲ. ಆ ಭಾಗವನ್ನು ಐದು ವಾಕ್ಯಗಳಿಗೆ ಇಳಿಸಿದೆ. ಅದರಲ್ಲಿ ಉಳಿದದ್ದು ದೀಪ ಮಾತ್ರ. ಸುರಂಗ ತೋಡುವವರು ಒಳಗೆ ಉರಿಯುವ ದೀಪವನ್ನು ಇಟ್ಟುಕೊಳ್ಳುತ್ತಾರೆ. ಬೆಳಕಿಗೆ ಮಾತ್ರವಲ್ಲ, ಉಸಿರಾಡಲು ಗಾಳಿ ಸಾಕಷ್ಟಿದೆಯೇ ಎಂದು ತಿಳಿಯುವುದಕ್ಕೂ ಅದೇ ಸಾಧನ. ದೀಪ ಮಂಕಾದರೆ ಕೆಲಸ ಬಿಟ್ಟು ಹೊರಗೆ ಬರಬೇಕು. ನನ್ನ ಕತೆಯಲ್ಲಿ ದೀಪ ಸಣ್ಣದಾಗುತ್ತದೆ, ಅಜ್ಜ ಏನೂ ಹೇಳದೆ ಮೊಮ್ಮಗನ ಭುಜ ಹಿಡಿದು ಹೊರಗೆ ತಿರುಗಿಸುತ್ತಾನೆ. ಅದಕ್ಕಿಂತ ಹೆಚ್ಚು ಹೇಳಲಿಲ್ಲ.

ಇದರಿಂದ ವರ್ಣನೆಯ ಪ್ರಶ್ನೆ ಬಗೆಹರಿಯಿತು, ಪದಗಳ ಪ್ರಶ್ನೆ ಉಳಿಯಿತು. ಅದಕ್ಕೆ ಉತ್ತರ ಸಿಕ್ಕಿದ್ದು ನೋಟುಪುಸ್ತಕದ ಮೂರನೆಯ ಅಂಕಣದಲ್ಲಿ, ನಿಧಾನವಾಗಿ.

ಗಡಿನಾಡಿನಲ್ಲಿ ಕನ್ನಡ ಓದುವ ಮಗುವಿನ ಸ್ಥಿತಿ ಸ್ವಲ್ಪ ವಿಚಿತ್ರವಾದುದು. ನಮ್ಮ ಮನೆಯಲ್ಲಿ ತುಳು, ಅಂಗಡಿಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದ ಊರಿಗೆ ಕನ್ನಡದ ಮಕ್ಕಳ ಪುಸ್ತಕಗಳು ಬರುತ್ತಿದ್ದದ್ದು ಮಾತ್ರ ಮಂಗಳೂರು, ಮೈಸೂರು, ಬೆಂಗಳೂರುಗಳಿಂದ. ಆದ್ದರಿಂದ ಆ ಪುಸ್ತಕಗಳ ಜನ ಉಣ್ಣುತ್ತಿದ್ದದ್ದು, ಬೆಳೆಯುತ್ತಿದ್ದದ್ದು, ಧಾನ್ಯವನ್ನು ತುಂಬಿಡುತ್ತಿದ್ದದ್ದು ಯಾವುದೂ ನಮ್ಮ ಕಣ್ಣಿಗೆ ಬಿದ್ದದ್ದಲ್ಲ. ರಾಗಿಮುದ್ದೆಯೆಂಬುದು ಮುದ್ದೆಯಾಗಿಯೇ ಮರದಲ್ಲಿ ಹಲಸಿನಂತೆ ತೂಗುತ್ತದೆಂದು ನಾನು ತಿಳಿದಿದ್ದೆ. ರಾಗಿಯ ಹೊಲವನ್ನು ಮೊದಲು ಕಂಡದ್ದು ಮದುವೆಯಾದ ಮೇಲೆ, ಹಾಸನದ ಕಡೆಗೆ ಹೋಗುವ ಬಸ್ಸಿನ ಕಿಟಕಿಯಿಂದ. ಇನ್ನೊಂದು ಕತೆಯಲ್ಲಿ ಕಳ್ಳರಿಗೆ ಹೆದರಿದ ಹುಡುಗಿಯೊಬ್ಬಳು ಹಗೇವಿನಲ್ಲಿ ಅಡಗಿ ಕೂರುತ್ತಾಳೆ. ಬಯಲುಸೀಮೆಯವರು ಧಾನ್ಯ ತುಂಬಿಡಲು ನೆಲದಲ್ಲಿ ತೋಡುವ ಹಗೇವು ನನಗೆ ಹೇಗೆ ಗೊತ್ತಿರಬೇಕು? ‘ನೆನಪು’ ಅಂಕಣದಲ್ಲಿ ನಾನು ಬರೆದಿದ್ದುದು, ‘ಹುಡುಗಿ ಮನೆಯ ಹಿಂದಿನ ಸುರಂಗದಲ್ಲಿ ಅಡಗಿದಳು, ಕಾಲಿನ ಕೆಳಗೆ ನೀರು ತಣ್ಣಗೆ ಹರಿಯುತ್ತಿತ್ತು’ ಎಂದು. ಆ ಕತೆಯಲ್ಲಿ ಎಲ್ಲಿಯೂ ನೀರಿಲ್ಲ. ನನಗೆ ತಿಳಿಯದ ಪದವನ್ನು ನನಗೆ ತಿಳಿದಿದ್ದ ಹೊಂಡದಿಂದ ತುಂಬಿ, ಹುಡುಗಿಯ ಜೊತೆ ಉಸಿರು ಬಿಗಿಹಿಡಿದು ಕುಳಿತು, ಕಳ್ಳರು ಹೋದ ಮೇಲೆ ಮುಂದೆ ಓದಿದ್ದೆ. ಬೆಂಗಳೂರಿನ ಸಂಪಾದಕರು ನನ್ನ ಸುರಂಗದೊಳಗೆ ರೈಲು ಬಿಟ್ಟದ್ದೂ ಇದೇ ಬಗೆಯ ಕೆಲಸವಲ್ಲವೇ?

ಇದಕ್ಕೆ ತದ್ವಿರುದ್ಧವಾದ ಅನುಭವವೂ ಇತ್ತು. ಆ ಕಾಲದಲ್ಲಿ ಮಾಸ್ಕೋದಲ್ಲಿ ಅಚ್ಚಾದ ಕನ್ನಡ ಪುಸ್ತಕಗಳು ನವಕರ್ನಾಟಕದ ಮೂಲಕ ಅಗ್ಗದ ಬೆಲೆಗೆ ಸಿಗುತ್ತಿದ್ದವು. ಅಂಥದೊಂದು ಕತೆಯಲ್ಲಿ ಹಿಮ, ಒಲೆಯ ಮೇಲೆ ಮಲಗುವ ಅಜ್ಜಿ, ತೋಳ ಎಲ್ಲವೂ ಪರಲೋಕದವು. ಆದರೆ ಸಮೋವರ್ ಎಂಬ ಪದ ಬಂದಾಗ ಮಾತ್ರ ನನಗೆ ಏನೇನೂ ಕಷ್ಟವಾಗಲಿಲ್ಲ. ಪೇಟೆಯ ಚಹಾದಂಗಡಿಯಲ್ಲಿ ಉಗಿ ಕಾರುತ್ತ ನಿಂತಿದ್ದ ಪಾತ್ರೆಗೆ ಮಲಯಾಳದಲ್ಲಿ ಅದೇ ಹೆಸರು. ಹೀಗಾಗಿ ರಷ್ಯದ ಅಜ್ಜಿ ನಮ್ಮ ಬಸ್ ಸ್ಟ್ಯಾಂಡಿನ ಪಕ್ಕದವಳೆಂದೂ ಮೈಸೂರಿನ ರೈತ ಬಹಳ ದೂರದವನೆಂದೂ ನನಗೆ ತೋರಿತ್ತು. ಯಾವ ಪದ ಯಾವ ಮಗುವಿಗೆ ಹತ್ತಿರ, ಯಾವುದು ದೂರ ಎಂಬುದನ್ನು ಬೆಂಗಳೂರಿನಲ್ಲಿ ಕುಳಿತು ನಿಶ್ಚಯಿಸಲು ಆಗದು. ನ್ಯಾಯವಾಗಿ ಹೇಳುವುದಾದರೆ ಪೆರ್ಲದಲ್ಲಿ ಕುಳಿತರೂ ಆಗದು.

ಪಂಜೆ ಮಂಗೇಶರಾಯರ ‘ಹಾವಿನ ಹಾಡ’ನ್ನು ಮರಳಿ ಓದಿದ್ದು ಇದೇ ಹುಡುಕಾಟದ ನಡುವೆ. ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲಿಯೇ ಇದ್ದ ಕಾಲದಲ್ಲಿ ಆ ಜಿಲ್ಲೆಯ ಶಾಲೆಗಳ ಇನ್‌ಸ್ಪೆಕ್ಟರರಾಗಿಯೂ ಕೆಲಸ ಮಾಡಿದ ಪಂಜೆಯವರು (1874–1937) ಮಕ್ಕಳ ಕಿವಿಯನ್ನು ಬಲ್ಲವರು. ಈ ಹಾಡಿನ ವಿಷಯದಲ್ಲಿ ನನ್ನ ‘ನೆನಪು’ ಅಂಕಣ ಬಹಳ ಬಡವಾಗಿತ್ತು: ನಾಲ್ಕು ನುಡಿಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುವ ಬಾ, ನೀ, ತಾ, ಪೋ ಎಂಬ ನಾಲ್ಕು ಒಂಟಿ ಅಕ್ಷರಗಳು ಮಾತ್ರ. ಉಳಿದದ್ದೇನೂ ನೆನಪಿರಲಿಲ್ಲ, ಅಂದು ಅರ್ಥವೂ ಆಗಿರಲಿಲ್ಲ. ಅರುವತ್ತರ ವಯಸ್ಸಿನಲ್ಲಿ ಓದುವಾಗ ಒಂದು ಪೂರ್ಣ ನಾಟಕ ಕಂಡಿತು. ಮೊದಲು ಕೈಮುಗಿದು, ಹಾಲು ಕೊಡುವೆನೆಂದು ಕರೆಯುವುದು. ಅನಂತರ ಕೊಳಲೂದಿ ಹೆಡೆ ಆಡಿಸೆಂದು ಪುಸಲಾಯಿಸುವುದು. ಮೂರನೆಯದರಲ್ಲಿ ನಿನ್ನ ತಲೆಯಲ್ಲಿ ರತ್ನವಿರುವುದು ನಿಜವೇ, ಬಡವನಿಗೆ ಕೊಪ್ಪರಿಗೆ ಚಿನ್ನ ತಾ ಎಂದು ಕೈಯೊಡ್ಡುವುದು. ಕೊನೆಗೆ ಒಳಗಿನ ಹಗೆ ನೆನಪಾಗಿ ಹೊರಗೆ ಪೋ ಎನ್ನುವುದು. ಭಕ್ತಿಯಿಂದ ಆಸೆಗೆ, ಆಸೆಯಿಂದ ಭಯಕ್ಕೆ ಮನುಷ್ಯ ಇಳಿಯುವ ದಾರಿಯನ್ನು ಅವರು ನಾಲ್ಕು ಅಕ್ಷರಗಳ ಮೆಟ್ಟಿಲಲ್ಲಿ ಇಟ್ಟಿದ್ದಾರೆ. ಮಗು ಮೆಟ್ಟಿಲ ಮೇಲೆ ಕುಣಿದುಕೊಂಡು ಹೋಗುತ್ತದೆ. ಮನೆಯೊಳಗೇನಿದೆ ಎಂಬುದನ್ನು ಐವತ್ತು ವರ್ಷ ಬಿಟ್ಟು ಬಂದು ನೋಡಿದರೂ ಹಾಡಿಗೆ ಅವಸರವಿಲ್ಲ.

ಅಲ್ಲಿಯೂ ಭಾಷೆಯ ಒಂದು ತಮಾಷೆಯಿದೆ. ಘಟ್ಟದ ಮೇಲಿನ ಮಗುವಿಗೆ ‘ಪೋ’ ಎಂಬುದು ಹಳೆಗನ್ನಡದ ವಾಸನೆಯ ಪದ, ಟೀಚರು ಅರ್ಥ ಹೇಳಬೇಕು. ತುಳುವಿನಲ್ಲಿಯೂ ಮಲಯಾಳದಲ್ಲಿಯೂ ಅದನ್ನು ದಿನಕ್ಕೆ ಹತ್ತು ಸಲ ಕೇಳುತ್ತಿದ್ದ ನಮಗೆ ಆ ಹಾಡಿನಲ್ಲಿ ಎಲ್ಲಕ್ಕಿಂತ ಸುಲಭವಾದ ಪದ ಅದೇ ಆಗಿತ್ತು. ಅಜ್ಜಿ ಕೋಳಿಯನ್ನು ಅಟ್ಟುತ್ತಿದ್ದದ್ದು ಆ ಪದದಿಂದಲೇ.

‘ಚಂದಮಾಮ’ದ ಬಗ್ಗೆ ಬಹಳ ಜನ ಬರೆದಿದ್ದಾರೆ, ನಾನು ಹೇಳಬೇಕಾದದ್ದು ಒಂದೇ. 1949ರಿಂದ ಕನ್ನಡದಲ್ಲಿ ಬರುತ್ತಿದ್ದ ಆ ಮಾಸಪತ್ರಿಕೆಯ ಬೇತಾಳನ ಕತೆಗಳಲ್ಲಿ ಪ್ರತಿ ತಿಂಗಳೂ ಶವವನ್ನು ಹೆಗಲಿಗೇರಿಸುವ ಒಂದೇ ಬಗೆಯ ಪೀಠಿಕೆ ಬರುತ್ತಿತ್ತು. ಮಕ್ಕಳಾಗಿ ನಾವು ಅದನ್ನು ಹಾರಿಸದೆ ಓದುತ್ತಿದ್ದೆವು. ಗೊತ್ತಿರುವುದನ್ನೇ ಮತ್ತೆ ಕೇಳುವ ಸುಖ ಮಗುವಿಗೆ ಬೇಕು. ನನ್ನ ಕತೆಯ ಪ್ರತಿ ಅಧ್ಯಾಯವೂ ಅಜ್ಜ ದೀಪದ ಬತ್ತಿ ಸರಿಪಡಿಸುವುದರಿಂದಲೇ ಮೊದಲಾಗುವಂತೆ ಮಾಡಿದ್ದು ಈ ಓದಿನ ಫಲ.

ಶಿವರಾಮ ಕಾರಂತರ ‘ಬಾಲ ಪ್ರಪಂಚ’ದ ಮೂರು ಸಂಪುಟಗಳು ನಮ್ಮ ಶಾಲೆಯ ಕಪಾಟಿನಲ್ಲಿದ್ದವು, ಬೀಗದ ಕೈ ಹೆಡ್ ಮಾಷ್ಟ್ರ ಬಳಿ ಇರುತ್ತಿತ್ತು. 1936ರಷ್ಟು ಹಿಂದೆಯೇ ಒಬ್ಬ ವ್ಯಕ್ತಿ ಮಕ್ಕಳಿಗಾಗಿ ಇಡೀ ವಿಶ್ವಕೋಶವನ್ನು ಕೈಗೆತ್ತಿಕೊಂಡದ್ದು ಈಗಲೂ ಬೆರಗು ಹುಟ್ಟಿಸುತ್ತದೆ. ವಿವರಿಸುವುದೇ ಅದರ ಕೆಲಸ, ವಿವರವನ್ನು ಓದುವುದೇ ನಮಗೆ ಆಗ ಸುಖ. ನನ್ನ ಹಸ್ತಪ್ರತಿ ಎಡವಿದ್ದು ಎಲ್ಲಿ ಎಂಬುದು ಇದನ್ನು ಓದುವಾಗ ಸ್ಪಷ್ಟವಾಯಿತು: ನಾನು ಕತೆಯನ್ನೂ ಸುರಂಗದ ವಿಶ್ವಕೋಶವನ್ನೂ ಒಂದೇ ಬುಟ್ಟಿಯಲ್ಲಿ ಹೊರಲು ಹೊರಟಿದ್ದೆ. ಮುರಕಲ್ಲು ಹೇಗಾಯಿತು, ಸುರಂಗಕ್ಕೂ ಬಾವಿಗೂ ಏನು ವ್ಯತ್ಯಾಸ, ಉದ್ದದ ಸುರಂಗಗಳಿಗೆ ಮೇಲಿನಿಂದ ಗಾಳಿಕಿಂಡಿ ಏಕೆ ತೆಗೆಯುತ್ತಾರೆ ಎಂಬುದನ್ನೆಲ್ಲ ಅಜ್ಜನ ಬಾಯಿಯಿಂದ ಹೇಳಿಸಿ, ಪಾಪ, ಆ ಮುದುಕನನ್ನು ಮಾಷ್ಟ್ರನ್ನಾಗಿ ಮಾಡಿಬಿಟ್ಟಿದ್ದೆ. ಅದನ್ನೆಲ್ಲ ಕತ್ತರಿಸಿ ಬೇರೆ ಕಡತದಲ್ಲಿಟ್ಟೆ. ಅದು ಬೇರೆಯೇ ಪುಸ್ತಕವಾಗಬೇಕು.

ಮರಳಿ ಓದುವಾಗ ಎಲ್ಲವೂ ಹಿತವಾಗಿರಲಿಲ್ಲ. ಮಲತಾಯಿ ಎಂದರೆ ಕೆಟ್ಟವಳು, ಕಪ್ಪು ಬಣ್ಣವೆಂದರೆ ರಾಕ್ಷಸ, ಕುಂಟನೆಂದರೆ ನಗುವಿಗೆ ವಸ್ತು, ಹೆಣ್ಣುಮಗಳಿಗೆ ನೀರು ಹೊರುವ ಕೆಲಸ: ಇವನ್ನು ನಾನು ಚಿಕ್ಕಂದಿನಲ್ಲಿ ಗಮನಿಸಿಯೇ ಇರಲಿಲ್ಲ, ಎಂದರೆ ಒಪ್ಪಿಕೊಂಡಿದ್ದೆ. ಕಪ್ಪು ಮೈಬಣ್ಣದ ಹುಡುಗಿಯಾಗಿದ್ದ ನಾನು ರಾಜಕುಮಾರಿಯರ ಕತೆಗಳನ್ನು ಓದುವಾಗ ನನ್ನನ್ನು ಬೆಳ್ಳಗಾಗಿಸಿಕೊಂಡು ಓದುತ್ತಿದ್ದೆನೆಂಬುದು ನೋಟುಪುಸ್ತಕದಲ್ಲಿ ಬರೆಯುವಾಗಲೇ ನನಗೆ ಗೊತ್ತಾದದ್ದು. ಪುಸ್ತಕ ಬಿಟ್ಟ ಜಾಗವನ್ನು ಮಗು ತನ್ನದರಿಂದ ತುಂಬುತ್ತದೆ ಎಂದು ಮೇಲೆ ಹೆಮ್ಮೆಯಿಂದ ಬರೆದೆನಲ್ಲ, ಪುಸ್ತಕ ಜಾಗವನ್ನೇ ಬಿಡದಿದ್ದರೆ ಅದು ತನ್ನನ್ನೇ ಕತ್ತರಿಸಿಕೊಂಡು ಒಳಗೆ ಹೋಗುತ್ತದೆ. ಹಳೆಯ ಪುಸ್ತಕಗಳನ್ನು ತಿದ್ದುವ ಹಕ್ಕು ನನಗಿಲ್ಲ, ಸುಟ್ಟುಹಾಕುವ ಮನಸ್ಸಂತೂ ಇಲ್ಲ. ನನ್ನ ಹಸ್ತಪ್ರತಿಯಲ್ಲಿ ಮಾತ್ರ ಹುಡುಕಿ ನೋಡಿದೆ, ಮತ್ತು ಅಲ್ಲಿಯೂ ಹುಡುಗ ಸುರಂಗದೊಳಗೆ ಹೋಗುತ್ತಾನೆ, ಅವನ ಅಕ್ಕ ಬಾಯಿಯ ಬಳಿ ದೀಪಕ್ಕೆ ಎಣ್ಣೆ ಹಿಡಿದು ನಿಲ್ಲುತ್ತಾಳೆ! ತೋಡುವ ಕೆಲಸವನ್ನು ನಮ್ಮಲ್ಲಿ ಗಂಡಸರೇ ಮಾಡುತ್ತ ಬಂದಿರುವುದರಿಂದ ಅಕ್ಕನ ಕೈಗೆ ಪಿಕ್ಕಾಸು ಕೊಟ್ಟರೆ ಸುಳ್ಳಾಗುತ್ತಿತ್ತು. ಆದರೆ ತೋಡಿ ಮುಗಿದ ಸುರಂಗದಲ್ಲಿ ಮಣ್ಣು ಕುಸಿದು ನೀರು ನಿಂತಾಗ ಒಳಗೆ ನುಗ್ಗಿ ನೋಡಿಬರಲು ಸಪೂರ ಮೈಯ ಒಬ್ಬರು ಬೇಕು. ಆ ಅಧ್ಯಾಯವನ್ನು ಅಕ್ಕನಿಗೆ ಕೊಟ್ಟೆ. ಕತೆಗೂ ಅದರಿಂದ ಒಳ್ಳೆಯದೇ ಆಯಿತು, ಏಕೆಂದರೆ ಒಳಗಿನ ಬಾವಲಿಗಳಿಗೆ ತಮ್ಮನಿಗಿಂತ ಹೆಚ್ಚು ಹೆದರುವವಳು ಅವಳೇ.

ಹೊಸ ಪ್ರತಿಯನ್ನು ಮಕ್ಕಳೆದುರು ಓದಿದ್ದು ಮರುವರ್ಷದ ಜೂನ್ 19ರಂದು. ಗ್ರಂಥಾಲಯ ಚಳವಳಿಯ ಪಿ.ಎನ್. ಪಣಿಕ್ಕರ್ ಅವರ ಸ್ಮರಣೆಯಲ್ಲಿ ಕೇರಳದ ಶಾಲೆಗಳು ಆ ದಿನವನ್ನು ವಾಚನಾ ದಿನವಾಗಿ ಆಚರಿಸುತ್ತವೆ, ಕನ್ನಡ ಮಾಧ್ಯಮದ ಶಾಲೆಗಳೂ ಇದಕ್ಕೆ ಹೊರತಲ್ಲ. ಐದನೆಯ ತರಗತಿಯಲ್ಲಿದ್ದ ಮಕ್ಕಳಲ್ಲಿ ಹೆಚ್ಚಿನವರ ಮನೆಮಾತು ತುಳು, ಮಲಯಾಳ, ಬ್ಯಾರಿ, ಒಬ್ಬಳದು ಮರಾಠಿ. ಹಳೆಯ ಪ್ರತಿಯ ಒಂದು ಪುಟವನ್ನೂ ಹೊಸದರ ಅದೇ ಭಾಗವನ್ನೂ, ಯಾವುದು ಯಾವುದೆಂದು ಹೇಳದೆ, ಓದಿದೆ. ಹಳೆಯದನ್ನು ಓದುವಾಗ ಹಿಂದಿನ ಬೆಂಚಿನವರು ಬೆರಳಿನಲ್ಲಿ ಲೆಕ್ಕ ಮಾಡುವ ಆಟ ಶುರುಮಾಡಿದರು. ಹೊಸದು ಮುಗಿದಾಗ ಯಾವ ಪದದ ಅರ್ಥವನ್ನೂ ಯಾರೂ ಕೇಳಲಿಲ್ಲ. ಒಬ್ಬ ಹುಡುಗ ಮಾತ್ರ ಎದ್ದು ನಿಂತು, “ಟೀಚರ್, ದೀಪ ಮತ್ತೆ ಹೊತ್ತಿತಾ?” ಎಂದು ಕೇಳಿದ.

ಇಷ್ಟಾದ ಮೇಲೆ 23 ಗೆರೆಗಳ ಎದುರು ಕುಳಿತೆ. ನಾಲ್ಕು ಪದಗಳ ವಿಷಯದಲ್ಲಿ ಸಂಪಾದಕರೇ ಸರಿಯೆಂದು ಒಪ್ಪಬೇಕಾಯಿತು. ಅವು ನನ್ನ ಊರಿನವಲ್ಲ, ನಿಘಂಟಿನಿಂದ ಹೆಕ್ಕಿ ತಂದು ಜಂಬಕ್ಕಾಗಿ ಇಟ್ಟವು. ಅವನ್ನು ತೆಗೆದೆ. ಉಳಿದ 19 ಪದಗಳಿಗೆ ಅಡಿಟಿಪ್ಪಣಿ ಬರೆಯಲಿಲ್ಲ. ಬದಲಿಗೆ ಪ್ರತಿಯೊಂದು ಪದವೂ ಮೊದಲ ಸಲ ಬರುವ ವಾಕ್ಯದಲ್ಲಿ ಯಾರಾದರೂ ಅದನ್ನು ಬಳಸುವಂತೆ ಮಾಡಿದೆ: ಮುಟ್ಟಾಳೆಯನ್ನು ತಲೆಯಿಂದ ತೆಗೆದು ಅಜ್ಜ ಬೆವರೊರೆಸಿಕೊಳ್ಳುತ್ತಾನೆ, ದಂಬೆಯಲ್ಲಿ ಹರಿದು ಬರುವ ನೀರಿಗೆ ತಮ್ಮ ಬಾಯಿ ಹಿಡಿಯುತ್ತಾನೆ. ಕೋಲಿಗೆ ಎರಡೂವರೆ ಅಡಿಯ ಲೆಕ್ಕ ಹೇಳುವ ಬದಲು, ಅಕ್ಕ ತನ್ನ ಎತ್ತರವನ್ನು ಕೋಲಿನಲ್ಲಿ ಅಳೆದು ಎರಡೂ ತುಂಬಲಿಲ್ಲವೆಂದು ಬೇಸರಪಡುವಂತೆ ಮಾಡಿದೆ. ಸುರಂಗದ ಬಗ್ಗೆ ಮಾತ್ರ ಸಂಪಾದಕರ ಸಂಶಯ ಹೋಗಿರಲಿಲ್ಲ. ಬೆಂಗಳೂರಿನ ಒಂದು ಮಗುವಿಗೆ ಓದಲು ಕೊಟ್ಟು ನೋಡೋಣವೆಂದರು, ಅದು ನ್ಯಾಯವಾದ ಮಾತು.

ಅಲ್ಲಿರುವ ನನ್ನ ತಂಗಿಯ ಮೊಮ್ಮಗನಿಗೆ ಆಗ 9 ವರ್ಷ. ಅವನಿಗೆ ಪ್ರತಿಯನ್ನು ಕಳುಹಿಸಿ, ಅಧ್ಯಾಯ ಮುಗಿದಾಗಲೆಲ್ಲ ಒಂದು ಚಿತ್ರ ಬಿಡಿಸಿ ಕಳುಹಿಸು, ಬೇರೇನೂ ಬೇಡ ಎಂದೆ. ಮೊದಲ ಅಧ್ಯಾಯದ ಚಿತ್ರದಲ್ಲಿ ರೈಲು ಇರಲಿಲ್ಲ, ಆದರೆ ಸುರಂಗ ಬಾವಿಯಂತೆ ಕೆಳಕ್ಕೆ ಇಳಿದಿತ್ತು. ಮೆಟ್ಟಿಲುಗಳಿದ್ದವು, ತಳದಲ್ಲಿ ನೀಲಿ ನೀರು, ಹುಡುಗನ ಕೈಯಲ್ಲಿ ಕೊಡಪಾನ. ಫೋನು ಮಾಡಿ ತಿದ್ದಬೇಕೆಂದು ಕೈ ತುರಿಸಿತು, 31 ವರ್ಷದ ಅಭ್ಯಾಸ. ಸುಮ್ಮನಿದ್ದೆ. ಎರಡು ವಾರ ಬಿಟ್ಟು, ನೀರು ತಾನಾಗಿ ಹೊರಗೆ ಹರಿದು ಬರುವ ನಾಲ್ಕನೆಯ ಅಧ್ಯಾಯದ ಚಿತ್ರ ಬಂದಾಗ ಅದರ ಜೊತೆಗೆ ಮೊದಲನೆಯದನ್ನೂ ಅವನು ಮತ್ತೆ ಕಳುಹಿಸಿದ್ದ. ಮೆಟ್ಟಿಲುಗಳನ್ನು ರಬ್ಬರಿನಿಂದ ಉಜ್ಜಿ, ಕಾಗದ ಒಂದೆಡೆ ಹರಿಯುವಷ್ಟು ಉಜ್ಜಿ, ಗುಡ್ಡದ ಹೊಟ್ಟೆಯಲ್ಲಿ ಅಡ್ಡಲಾಗಿ ಹೊಸ ಬಾಯಿ ತೆರೆದಿದ್ದ. ದಂಬೆಯನ್ನು ಹಸಿರು ಪ್ಲಾಸ್ಟಿಕ್ ಪೈಪಿನಂತೆ ಬಿಡಿಸಿದ್ದ, ಅದರ ತುದಿಯಲ್ಲಿ ಒಂದು ನಾಯಿ ನೀರು ಕುಡಿಯುತ್ತಿತ್ತು. ನನ್ನ ಕತೆಯಲ್ಲಿ ನಾಯಿಯಿಲ್ಲ.